ಕೇಳಿದಷ್ಟೂ ಜರುಗುವ ಮನೆ

ನಮ್ಮೂರಿನಲ್ಲಿ ಒಂದು ಮನೆ ಎಲ್ಲಿದೆ ಎಂದು ಚಾವಡಿಯ ಗೋಡೆಯನ್ನು ಒಂದು ಸಲ ಕೇಳಿದರೆ ಆ ಮನೆ ಒಂದು ಗೇಣು ಜರುಗುತ್ತದೆ. ಒಂದು ಸಲಕ್ಕೆ ಒಂದು ಗೇಣು; ಬಡವರಿಗೆ ಕಡಿಮೆ, ಸಾಹುಕಾರರಿಗೆ ಹೆಚ್ಚು ಎಂಬುದಿಲ್ಲ. ಹತ್ತು ಸಲ ಕೇಳಿದರೆ ಹಿತ್ತಲು ಮುಂದಾಗಿ ಪಡಸಾಲೆ ಹಿಂದಾಗುತ್ತದೆ. ಐವತ್ತಾದರೆ ಮನೆ ಓಣಿ ಬಿಡುತ್ತದೆ. ನೂರು ದಾಟಿತೋ, ಅದಕ್ಕೆ ತಲೆ ತಿರುಗಿದಂತಾಗಿ ಲೆಕ್ಕವೇ ತಪ್ಪಿಹೋಗುತ್ತದೆ. ಆಮೇಲೆ ಎಲ್ಲಿ ಹೋಗಿ ನಿಂತೀತೆಂದು ಹೇಳಬಲ್ಲವರು ಯಾರೂ ಇಲ್ಲ. ಒಳಗಿದ್ದವರಿಗೆ ಏನೂ ತಿಳಿಯುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವುದಿಲ್ಲ, ತೊಟ್ಟಿಲಿನ ಕೂಸು ಎಚ್ಚರಾಗುವುದಿಲ್ಲ. ಕಸ ಚೆಲ್ಲಲು ಬಾಗಿಲು ತೆಗೆದಾಗ ಎದುರಿಗೆ ಬೇರೆಯವರ ಗೋಡೆ ಕಂಡರೆ, ಯಾರೋ ನಮ್ಮನ್ನು ಬಹಳ ಹುಡುಕಿದ್ದಾರೆ ಎಂದುಕೊಂಡು ಕಸ ಅಲ್ಲೇ ಚೆಲ್ಲಿ ಒಳಗೆ ಹೋಗುವುದು, ಅಷ್ಟೆ.

ಹಾಗೆಂದು ಕೇಳದೆಯೇ ಇರೋಣವೆಂದರೆ ಅದೂ ಆಗುವುದಿಲ್ಲ. ಯಾರೂ ಕೇಳದಿದ್ದರೂ ಮನೆಗಳು ವರ್ಷಕ್ಕೆ ಒಂದೆರಡು ಸಲ ತಮ್ಮ ಪಾಡಿಗೆ ತಾವು ಎದ್ದು ಹೋಗುತ್ತವೆ. ಕೇಳಿದರೆ ಜರುಗುತ್ತದೆ, ಕೇಳದಿದ್ದರೆ ಸಿಗುವುದಿಲ್ಲ. ಇವೆರಡರ ನಡುವೆ ಬಾಳುವುದನ್ನು ನಮ್ಮ ಹಿರಿಯರು ಹೇಗೋ ಕಲಿತಿದ್ದರು. ಓಣಿಗೊಬ್ಬರು ಮುಂಜಾನೆ ಚಾವಡಿಗೆ ಹೋಗಿ ಬೇಕಾದ ಮನೆಗಳನ್ನು ಒಂದೊಂದು ಸಲ ಕೇಳಿಕೊಂಡು ಬರುವುದು, ಉಳಿದವರೆಲ್ಲ ಅವರನ್ನು ಕೇಳುವುದು. ಮನುಷ್ಯರನ್ನು ಎಷ್ಟು ಸಲ ಕೇಳಿದರೂ ಯಾವ ಮನೆಯೂ ಅಲುಗುವುದಿಲ್ಲ. ಆದರೆ ಮನುಷ್ಯರ ಮಾತು ಹಳಸುತ್ತದೆ. ಅದಕ್ಕೇ ನಮ್ಮಲ್ಲಿ ಯಾರಾದರೂ ಒಂದು ಮನೆಯ ಗುರುತು ಹೇಳಿದರೆ ಕೇಳಿದವರು ಮೊದಲು ಆಡುವ ಮಾತು, "ಯಾವಾಗಿನ ಮಾತು?" ಎಂದು. ನಿನ್ನೆ ಸಂಜೆಯದು, ಇವತ್ತು ಹಾಲು ಹಾಕುವ ಹೊತ್ತಿನದು ಎಂದು ಹೇಳಬೇಕು. ಹೊತ್ತು ಹೇಳದೆ ಜಾಗ ಹೇಳುವವನನ್ನು ನಮ್ಮೂರಲ್ಲಿ ನಂಬುವುದಿಲ್ಲ. ಅವನಿಗೆ ಹೆಣ್ಣೂ ಕೊಡುವುದಿಲ್ಲ.

ನನ್ನ ಹೆಸರು ಕಾಶವ್ವ. ಊರಿನವರು ಕಾಶಕ್ಕ ಅನ್ನುತ್ತಾರೆ. ಹೆರಿಗೆ ಮಾಡಿಸುವುದು ನನ್ನ ಕೆಲಸ. ಅಕ್ಷರ ಬರುತ್ತದೆ, ಆದರೆ ಈ ಕೆಲಸವನ್ನು ಯಾವ ಪುಸ್ತಕದಿಂದಲೂ ಕಲಿತವಳಲ್ಲ. ನಮ್ಮತ್ತೆಯ ಕೈ ನೋಡಿ ಕಲಿತೆ. ಅವಳು ಕಲಿಸಿದ ಮೊದಲ ಪಾಠವೆಂದರೆ, ಬಸುರಿಯ ಹೊಟ್ಟೆಯನ್ನು ಮೇಲಿಂದ ಮೇಲೆ ಮುಟ್ಟಿ ನೋಡಬೇಡ, ನೋಡಿದಾಗ ಮನಸ್ಸಿಟ್ಟು ನೋಡು ಎಂಬುದು. ಮನೆಯ ವಿಷಯದಲ್ಲೂ ಹಾಗೆಯೇ ಒಂದು ಕಟ್ಟಳೆ ಇತ್ತು. ಚಾವಡಿಯ ಗೋಡೆಯ ಮೇಲೆ ಮನೆಗೊಂದರಂತೆ ಹಿತ್ತಾಳೆ ಮೊಳೆಗಳಿವೆ. ಮನೆ ಎಲ್ಲಿ ಹೋದರೆ ಅದರ ಮೊಳೆಯೂ ಗೋಡೆಯ ಮೇಲೆ ಅಲ್ಲಿಗೆ ಹೋಗುತ್ತದೆ. ಎಲ್ಲ ಮೊಳೆಗಳೂ ಒಂದೇ ತರಹ. ಹೆಸರು ಹೇಳಿ ಕೇಳಿದಾಗ ಮಾತ್ರ ಆ ಮನೆಯ ಮೊಳೆ ಮಿನುಗುತ್ತದೆ. ಬಸುರಿಗೆ ಎಂಟು ತುಂಬಿದೊಡನೆ ಚಾವಡಿಯಲ್ಲಿ ನಮ್ಮ ಪರವಾಗಿ ಗೋಡೆಗೆ ಹೆಸರು ಕೂಗಿ ಕೇಳುತ್ತಿದ್ದ ಚನ್ನಮಲ್ಲಪ್ಪಜ್ಜ ಅವಳ ಮನೆಯ ಮೊಳೆಗೆ ಹಸಿರು ಅರಿವೆಯ ಚೂರೊಂದನ್ನು ಕಟ್ಟುತ್ತಿದ್ದ. ಆಮೇಲೆ ಆ ಮನೆಯನ್ನು ಕೇಳುವ ಹಕ್ಕು ಇಬ್ಬರಿಗೆ ಮಾತ್ರ: ಗಂಡನಿಗೆ ಮತ್ತು ನನಗೆ. ಹೆರುವ ಹೆಂಗಸಿನ ಮನೆ ಇದ್ದಲ್ಲಿ ಇರಲಿ ಎಂದು.

ತಬಸ್ಸುಮ್ ಎಂಬ ಹೆಣ್ಣುಮಗಳು ಇದನ್ನೆಲ್ಲ ಫೋನಿಗೆ ತಂದಳು. ಬಜಾರಿನಲ್ಲಿ ಫೋನ್ ರಿಪೇರಿಯ ಅಂಗಡಿ ಇಟ್ಟಿದ್ದವಳು, ಮೂವತ್ತರ ಒಳಗಿನ ವಯಸ್ಸು, ಚುರುಕು ಬೆರಳು, ಮಾತು ಇನ್ನೂ ಚುರುಕು. ಚನ್ನಮಲ್ಲಪ್ಪಜ್ಜನಿಗೆ ಗಂಟಲು ಕಟ್ಟಿ ಹೆಸರು ಕೂಗಲು ಆಗದಂತಾದ ವರ್ಷ ಅವಳು ಚಾವಡಿಯ ಗೋಡೆಯ ಬುಡದಲ್ಲಿ ಒಂದು ಪೆಟ್ಟಿಗೆ ಕೂಡಿಸಿದಳು. ನಾವು ಫೋನಿನಲ್ಲಿ ಒಂದು ಹೆಸರು ಒತ್ತಿದರೆ ಪೆಟ್ಟಿಗೆ ಅದನ್ನು ಗೋಡೆಗೆ ಕೇಳಿ, ಮೊಳೆ ಮಿನುಗಿದ ಜಾಗವನ್ನು ನಮಗೆ ತೋರಿಸುತ್ತಿತ್ತು. ಆ್ಯಪಿಗೆ 'ಎಲ್ಲೈತಿ' ಎಂದು ಹೆಸರಿಟ್ಟಿದ್ದಳು. ಊರಿಗೆ ಊರೇ ಹಾಕಿಸಿಕೊಂಡಿತು.

ನನ್ನ ಫೋನಿಗೆ ಹಾಕಿ ಕೊಟ್ಟಾಗ ಅವಳು ನನ್ನನ್ನು ಎದುರು ಕೂರಿಸಿಕೊಂಡು ಹೇಳಿಕೊಟ್ಟಳು. ಹೆಸರು ಒತ್ತಿದ ಕೂಡಲೇ ಮೊದಲು ಫೋನಿಗೆ ಗೊತ್ತಿದ್ದ ಜಾಗ ಕಾಣುತ್ತದೆ. ಹಿಂದಿನಿಂದ ಅದು ಚಾವಡಿಯನ್ನು ಕೇಳುತ್ತದೆ. ಮನೆ ಬೇರೆಡೆಗೆ ಹೋಗಿದ್ದರೆ ಚಿತ್ರ ತಾನೇ ಬದಲಾಗುತ್ತದೆ. ಕಾಯುವ ಕೆಲಸವಿಲ್ಲ. ನಾನು ನೋಡಿದೆ. ಚಂದವಿತ್ತು, ಓಣಿ ಓಣಿ ಗೆರೆ, ನಡುವೆ ಒಂದು ಕೆಂಪು ಚುಕ್ಕೆ. ಆದರೆ ಒಂದು ಕಾಣಲಿಲ್ಲ.

"ಇದು ಯಾವಾಗಿನ ಮಾತು ಅಂತ ಎಲ್ಲಿ ಬರದೈತಿ?" ಎಂದೆ.

"ಅದನ್ನೆಲ್ಲಾ ಬರಕೋತ ಹೋದ್ರ ಸ್ಕ್ರೀನ್ ತುಂಬಿ ಹೋಗ್ತೈತಿ ಕಾಶಕ್ಕಾ. ಇದು ಯಾವಾಗ್ಲೂ ಈಗಿನ ಮಾತ."

ಯಾವಾಗಲೂ ಈಗಿನ ಮಾತು ಆಡುವವರನ್ನು ನಾನು ಕಂಡಿರಲಿಲ್ಲ. ಆದರೂ ಕಲಿತವಳು ಹೇಳುತ್ತಾಳೆ, ಇದ್ದೀತು ಎಂದು ಸುಮ್ಮನಾದೆ. ಆ ಸುಮ್ಮನಾದದ್ದನ್ನು ಈಗಲೂ ನೆನೆಯುತ್ತೇನೆ.

ಸುಮಂಗಲಾ ನನ್ನ ಕೈಗೆ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಅವಳ ಗಂಡ ಸಂಗನಬಸು ಬಸ್‌ಸ್ಟ್ಯಾಂಡಿನ ಬಳಿ ಸೈಕಲ್ ಅಂಗಡಿ ಇಟ್ಟಿದ್ದ. ಮನೆಯಲ್ಲಿ ಅವರಿಬ್ಬರು ಮತ್ತು ಅವನ ತಾಯಿ. ಸುಮಂಗಲಾಳ ಹೊಟ್ಟೆಯಲ್ಲಿ ಎರಡು ಇದ್ದವು. ನಾನು ಕೈಯಿಟ್ಟು ಹೇಳಿದ್ದನ್ನೇ ಆಚೆ ಊರಿನ ಡಾಕ್ಟರರು ಯಂತ್ರವಿಟ್ಟು ಹೇಳಿದರು: ಒಂದು ಸರಿಯಾಗಿದೆ, ಇನ್ನೊಂದು ಅಡ್ಡ ಮಲಗಿದೆ, ದಿನ ತುಂಬುವ ಹತ್ತು ದಿನ ಮೊದಲೇ ಕರೆದುಕೊಂಡು ಬನ್ನಿ ಎಂದರು. ಅವರ ಆಸ್ಪತ್ರೆ ಬಸ್ಸಿನಲ್ಲಿ ಮೂರು ತಾಸಿನ ದಾರಿ. ಅಡ್ಡ ಮಲಗಿದ ಕೂಸನ್ನು ತಿರುಗಿಸಿ ತೆಗೆಯುವುದು ನನಗೆ ಬರುತ್ತಿತ್ತು, ಏಳು ಸಲ ತೆಗೆದಿದ್ದೆ. ಆದರೆ ಅದಕ್ಕೆ ಹೊತ್ತಿಗೆ ಸರಿಯಾಗಿ ಕೈ ಇರಬೇಕು. ಮೊದಲನೆಯದು ಬಂದ ಮೇಲೆ ಎರಡನೆಯದಕ್ಕೆ ಇರುವ ಅವಧಿ ಬಹಳ ಸಣ್ಣದು.

ಸಂಗನಬಸು ಹೆದರುಗುಳಿ. ಎಂಟು ತುಂಬಿ ಮೊಳೆಗೆ ಅರಿವೆ ಕಟ್ಟಿದ ದಿನವೇ ನನ್ನ ಹತ್ತಿರ ಬಂದು, ದಿನಕ್ಕೆ ಎಷ್ಟು ಸಲ ಕೇಳಬಹುದು ಎಂದು ಕೇಳಿದ. ಮುಂಜಾನೆ ಒಂದು ಸಲ, ಮಧ್ಯಾಹ್ನ ಊಟಕ್ಕೆ ಹೋಗುವಾಗ ಒಂದು ಸಲ, ಅದಕ್ಕಿಂತ ಹೆಚ್ಚು ಬೇಡ ಎಂದೆ. ಅವನು ಬೆರಳು ಮಡಿಚಿ ಎಣಿಸಿಕೊಂಡು ಹೋದ. ಅವನ ಕೈಗಳನ್ನು ನಾನು ನೋಡಿದ್ದೆ. ಮಾತಾಡುತ್ತ ನಿಂತಾಗಲೂ ಸೈಕಲ್ಲಿನ ಗಾಲಿ ತಿರುಗಿಸುತ್ತ ಇರುತ್ತಿದ್ದ, ಬ್ರೇಕ್ ಒತ್ತಿ ಒತ್ತಿ ಬಿಡುತ್ತಿದ್ದ. ಇಂಥ ಕೈಗೆ ಫೋನ್ ಸಿಕ್ಕರೆ ಹೇಗಪ್ಪಾ ಎಂದು ಆಗಲೇ ಒಂದು ಅನುಮಾನ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಕೂತ ಅನುಮಾನ ಜಾಗ ಬಿಡುವುದಿಲ್ಲ. ನಮ್ಮೂರಿನ ಮನೆಗಳಿಗಿಂತ ಅದು ಗಟ್ಟಿ.

ಇನ್ನೂ ಮೂರು ವಾರ ಇದೆ ಎನ್ನುವಾಗ, ಸಂತೆಯ ದಿನ, ಬಿಸಿಲು ನೆತ್ತಿಯಿಂದ ಸ್ವಲ್ಪ ಇಳಿದಿತ್ತು, ಸಂಗನಬಸುವಿನ ತಾಯಿಯ ಫೋನ್ ಬಂತು. ಸುಮಂಗಲಾಗೆ ಬೇನೆ ಶುರುವಾಗಿದೆ, ನೀರು ಹೋಗಿದೆ, ಬೇಗ ಬಾ ಎಂದಳು. ಆ ವಾರ ನನ್ನ ಮನೆ ಕಲ್ಲಿನ ಖಣಿಯ ಆಚೆಗಿತ್ತು. ನಾನು ಚೀಲ ತೆಗೆದುಕೊಂಡು, ಫೋನಿನಲ್ಲಿ ಸುಮಂಗಲಾಳ ಹೆಸರು ಒತ್ತಿದೆ. ಕುಂಬಾರ ಓಣಿ, ಹಾಳು ಬಾವಿಯ ಎಡಕ್ಕೆ, ಕೆಂಪು ಚುಕ್ಕೆ. ನಿನ್ನೆಯೂ ಅಲ್ಲೇ ಇತ್ತು. ಫೋನನ್ನು ಹಾಗೆಯೇ ಚೀಲದೊಳಗೆ, ಬಿಳಿ ಅರಿವೆಗಳ ಮೇಲೆ ಇಟ್ಟುಕೊಂಡು ಹೊರಟೆ. ದಾರಿಯಲ್ಲಿ ಮತ್ತೆ ಮತ್ತೆ ತೆರೆದು ನೋಡುವ ತಾಪತ್ರಯ ಬೇಡವೆಂದು ಆ ಪುಟವನ್ನು ಮುಚ್ಚಲಿಲ್ಲ. ಸ್ಕ್ರೀನ್ ಆರದಂತೆ ಮಾಡುವುದನ್ನು ತಬಸ್ಸುಮಳೇ ಕಲಿಸಿಕೊಟ್ಟಿದ್ದಳು.

ಖಣಿಯ ದಾರಿ ಇಪ್ಪತ್ತು ನಿಮಿಷದ್ದು. ಎರಡೂ ಬದಿಗೆ ಎದ್ದು ನಿಂತ ಕಲ್ಲು. ಅಲ್ಲಿ ಫೋನ್ ಸಿಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ನಾನು ಓಡು ನಡಿಗೆಯಲ್ಲಿ ಹೋಗುತ್ತ, ಮೊದಲನೆಯದು ಎಷ್ಟು ಹೊತ್ತಿಗೆ ಬಂದೀತು, ಎರಡನೆಯದರ ಬೆನ್ನು ಯಾವ ಕಡೆಗಿದೆ, ಬಿಸಿನೀರು ಇಟ್ಟಿದ್ದಾರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಖಣಿ ದಾಟಿ ಬಯಲಿಗೆ ಬಂದಾಗ ಚೀಲದೊಳಗೆ ಫೋನ್ ಒಂದು ಸಲ ಗುಯ್‌ಗುಟ್ಟಿತು. ಯಾರದೋ ಸಂದೇಶ ಇರಬೇಕೆಂದು ನಿಲ್ಲಲಿಲ್ಲ. ಇನ್ನೂ ಹತ್ತು ನಿಮಿಷ ನಡೆದು ಕುಂಬಾರ ಓಣಿಗೆ ತಿರುಗಿ, ಹಾಳು ಬಾವಿಯ ಎಡಕ್ಕೆ ಬಂದೆ. ಮನೆ ಇರಲಿಲ್ಲ.

ಮನೆ ಇದ್ದ ಜಾಗದಲ್ಲಿ ಚೌಕಾಕಾರದ ಹಸಿ ನೆಲ ಇತ್ತು. ಬಚ್ಚಲಿನ ನೀರು ಹರಿದು ಹೋಗಲು ದಾರಿ ಕಾಣದೆ ಅಲ್ಲೇ ಸುತ್ತುತ್ತಿತ್ತು. ಅಂಗಳದಲ್ಲಿ ಒಣಹಾಕಿದ್ದ ಎರಡು ಸೀರೆ ಮಾತ್ರ ಹಗ್ಗದ ಮೇಲೆ ಉಳಿದಿದ್ದವು. ಫೋನ್ ತೆಗೆದು ನೋಡಿದೆ. ಕುಂಬಾರ ಓಣಿ, ಹಾಳು ಬಾವಿಯ ಎಡಕ್ಕೆ, ಕೆಂಪು ಚುಕ್ಕೆ. ನಾನು ನಿಂತ ಜಾಗವನ್ನೇ ಅದು ಮನೆ ಎನ್ನುತ್ತಿತ್ತು. ಮೇಲೆ ಒಂದು ಮೂಲೆಯಲ್ಲಿ ಸಣ್ಣ ಚಕ್ರ ತಿರುಗುತ್ತಿತ್ತು.

ಎದುರು ಮನೆಯ ಕಲ್ಲವ್ವ ಕೊಡ ಸೊಂಟದ ಮೇಲಿಟ್ಟುಕೊಂಡು ಬಂದಳು. "ಈಗಷ್ಟ ಇತ್ತಕ್ಕಾ. ನಾ ನೀರ ಸೇದಿ ತಿರುಗಿ ನೋಡೂದ್ರಾಗ ಇಲ್ಲ. ಎತ್ತು ಹಗ್ಗಾ ಹರಕೊಂಡ್ಹಂಗ ಹೋಗೇತಿ ನೋಡು. ಒಳಗ ಆಕಿ ನರಳೂದು ಕೇಳತಿತ್ತು, ಅದೂ ಗಪ್ಪಾತು."

ಸುಮಂಗಲಾಳ ಅತ್ತೆಗೆ ಫೋನ್ ಮಾಡಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಮತ್ತೆ ಮಾಡಿದೆ, ಮತ್ತೆ ಅದೇ. ಎಲ್ಲಿಯೋ ಫೋನ್ ಹತ್ತದ ಕಡೆಗೆ ಮನೆ ಹೋಗಿ ನಿಂತಿದೆ ಎಂಬುದಷ್ಟೇ ತಿಳಿಯಿತು. ಅಷ್ಟರಲ್ಲಿ ಸಂಗನಬಸು ಸೈಕಲ್ ತುಳಿದುಕೊಂಡು ಬಂದ. ತಾಯಿ ಅವನಿಗೂ ಹೇಳಿದ್ದಳು. ಖಾಲಿ ಜಾಗ ಕಂಡು ಅವನು ಸೈಕಲ್ಲಿನಿಂದ ಇಳಿಯುವುದನ್ನೇ ಮರೆತು ಒಂದು ಕಾಲೂರಿ ನಿಂತುಬಿಟ್ಟ. ಕೈಯಲ್ಲಿ ಫೋನ್ ಇತ್ತು. ಅವನೂ ಅದರಲ್ಲಿ ಕುಂಬಾರ ಓಣಿ ಎಂದು ನೋಡಿಯೇ ಬಂದಿದ್ದ.

ಆಗ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ. ಆ ಮನೆಯನ್ನು ಕೇಳುವ ಹಕ್ಕಿದ್ದವರು ನಾವಿಬ್ಬರೇ. ನಾನು ಒಂದು ಸಲ ಒತ್ತಿದ್ದೆ.

"ಎಷ್ಟ ಸಲ ಕೇಳಿದೀ?" ಎಂದೆ.

"ಮೂರ ಸಲ ಅಕ್ಕಾ. ಮುಂಜಾನೆ ಒಂದು, ಊಟಕ್ಕ ಒಂದು, ಅವ್ವ ಫೋನ್ ಮಾಡಿದ ಮ್ಯಾಲ ಒಂದು."

"ಮೂರ ಸಲಕ್ಕ ಮನಿ ಓಣಿ ಬಿಡ್ತೈತೇನು? ನಿನ್ನ ಕೈ ಸುಮ್ಮನ ಕುಂದ್ರೂ ಕೈ ಅಲ್ಲ ಅಂತ ನನಗ ಮೊದಲ ಗೊತ್ತಿತ್ತು. ಹೆಂಡ್ತಿನ್ನ ಮನಿ ಸುದ್ದಾ ಓಡಿಸಿದಿ."

ಓಣಿಯ ಎಂಟು ಹತ್ತು ಮಂದಿ ಸೇರಿದ್ದರು. ಎಲ್ಲರೂ ಕೇಳಿದರು. ಅವನು ತನ್ನ ಬೆರಳುಗಳನ್ನು ನೋಡಿಕೊಂಡ, ಅವು ತನಗೆ ಗೊತ್ತಿಲ್ಲದೆ ಏನಾದರೂ ಮಾಡಿವೆಯೋ ಎಂಬಂತೆ. ಆಮೇಲೆ ಮತ್ತೆ ಫೋನಿನ ಕಡೆಗೆ ಕೈ ಹೋಯಿತು. ಕೇಳದೆ ಗತಿಯಿಲ್ಲ, ಕೇಳಿದರೆ ಇನ್ನೂ ದೂರ ಹೋಗುತ್ತದೆ. ಬೆರಳನ್ನು ಗಾಜಿನಿಂದ ಒಂದು ನೂಲಿನಷ್ಟು ಮೇಲೆ ಹಿಡಿದುಕೊಂಡು ಅವನು ನಿಂತ.

ಅಷ್ಟರಲ್ಲಿ ಚಾವಡಿಯಿಂದ ತಬಸ್ಸುಮಳ ಕರೆ ಬಂತು. ಹಸಿರು ಅರಿವೆಯ ಮೊಳೆ ಗೋಡೆಯ ಮೇಲೆ ಇರುವೆಯ ಹಾಗೆ ಓಡುತ್ತಿದೆ, ಪೆಟ್ಟಿಗೆ ಬಿಸಿಯಾಗಿ ಯಾರಿಗೂ ಉತ್ತರ ಕೊಡುತ್ತಿಲ್ಲ ಎಂದಳು. ಇಬ್ಬರೂ ಫೋನ್ ಬಂದ್ ಮಾಡಿ ಎಂದಳು. ಮುಚ್ಚಿದರೆ ಸಾಲದು, ಪೂರಾ ಬಂದ್ ಮಾಡಿ, ನಾನೇ ಬರುತ್ತೇನೆ ಎಂದಳು. ನಾವು ಬಂದ್ ಮಾಡಿದೆವು. ಆಮೇಲೆ ಕಾಯುವುದೊಂದೇ. ಹೆರಿಗೆಯ ಮನೆಯಲ್ಲಿ ತಾಸುಗಟ್ಟಲೆ ಕಾದವಳು ನಾನು. ಕಾಯುವುದು ನನಗೆ ಹೊಸದಲ್ಲ. ಆದರೆ ಅಲ್ಲಿ ಕೈಗೆಟುಕುವಲ್ಲಿ ಹೆಂಗಸು ಇರುತ್ತಾಳೆ, ಹೊಟ್ಟೆ ಇರುತ್ತದೆ, ಬೇನೆ ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂದು ಎಣಿಸಬಹುದು. ಇಲ್ಲಿ ಹಸಿ ನೆಲ ಒಣಗುವುದನ್ನು ನೋಡುತ್ತ ನಿಂತೆ. ಒಂದು ಅಂಚಿನಿಂದ ಬಿಳಿಚುತ್ತ ಬಂತು.

ಕೇಳುವವರಿಲ್ಲದೆ ಹೋದ ಮೇಲೆ ಮೊಳೆ ನಿಂತಿತು. ಹೆಸರು ಹೇಳದೆಯೇ, ಬರೀ ಅರಿವೆಯ ಗುರುತಿನಿಂದ ಚನ್ನಮಲ್ಲಪ್ಪಜ್ಜ ಅದನ್ನು ಕಣ್ಣಲ್ಲಿ ಹಿಡಿದಿಟ್ಟ. ತಬಸ್ಸುಮ್ ಸ್ಕೂಟರ್ ಹತ್ತಿ ಬಂದು, ಹಳ್ಳದ ಆಚೆ, ಕರೀಕಲ್ಲಿನ ಬಯಲು ಎಂದಳು. ನಾನು ರೂಢಿಯಂತೆ ಯಾವಾಗಿನ ಮಾತು ಎಂದೆ. ಕಾಲು ತಾಸಿನದು ಎಂದಳು. ಆ್ಯಪು ಬಂದ ಮೇಲೆ ಅವಳ ಬಾಯಿಂದ ಹೊತ್ತಿನ ಮಾತು ಕೇಳಿದ್ದು ಅದೇ ಮೊದಲು.

ನಾನು ಸ್ಕೂಟರಿನ ಹಿಂದೆ ಕೂತೆ. ಸಂಗನಬಸು ಸೈಕಲ್ಲಿನಲ್ಲಿ ಹಿಂದೆ ಬಂದ. ಹಳ್ಳದಲ್ಲಿ ನೀರಿರಲಿಲ್ಲ, ಮರಳಿತ್ತು, ಸ್ಕೂಟರ್ ಹೂತುಹೋಯಿತು. ಇಳಿದು ಓಡಿದೆವು. ಕರೀಕಲ್ಲಿನ ಬಯಲಿನಲ್ಲಿ ಒಂದೇ ಒಂದು ಮನೆ, ಬೆನ್ನು ನಮ್ಮ ಕಡೆಗೆ ಮಾಡಿಕೊಂಡು ನಿಂತಿತ್ತು. ಸುತ್ತು ಹಾಕಿ ಬಾಗಿಲಿಗೆ ಬರುವಾಗ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಸಂಗನಬಸುವಿನ ಮುಖ ಅರಳಿತು. ನನ್ನದು ಅರಳಲಿಲ್ಲ. ಒಂದೇ ಅಳು ಅದು.

ಮೊದಲನೆಯದು ಹೆಣ್ಣು. ಅತ್ತೆ ಅದನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಹುಟ್ಟಿ ಎಷ್ಟು ಹೊತ್ತಾಯಿತು ಎಂದರೆ, ಮುಕ್ಕಾಲು ತಾಸು ಆಗಿದ್ದೀತು ಎಂದಳು. ಬಾಗಿಲಲ್ಲಿ ನಿಂತು ಕೂಗಿದೆ, ಕಲ್ಲು ಬಿಟ್ಟರೆ ಯಾರೂ ಇರಲಿಲ್ಲ ಎಂದಳು. ಎರಡನೆಯದರ ಕೈ ಹೊರಗೆ ಬಂದಿತ್ತು. ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಒಳಗೆ ತಿರುಗಿಸಿ, ಕಾಲು ಹಿಡಿದು ತೆಗೆದೆ. ಗಂಡು. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಉಸಿರು ಊದಿದೆ. ಊದಿ ಊದಿ ನನಗೇ ಕಣ್ಣು ಕತ್ತಲೆ ಬಂದ ಮೇಲೆ ಸುಮಂಗಲಾ ಮಲಗಿದಲ್ಲಿಂದಲೇ ಸಾಕು ಬಿಡಕ್ಕಾ ಎಂದಳು.

ಆಮೇಲಿನ ದಿನಗಳಲ್ಲಿ ಸಂಗನಬಸು ಅಂಗಡಿ ತೆರೆಯಲಿಲ್ಲ. ಫೋನನ್ನು ಅಟ್ಟದ ಮೇಲೆ ಹಾಕಿದನಂತೆ. ಮಗಳನ್ನು ಎತ್ತಿಕೋ ಎಂದು ತಾಯಿ ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾನಂತೆ. ಕುಂಬಾರ ಓಣಿಯಲ್ಲಿ ನನ್ನ ಮಾತೇ ಬಾಯಿಂದ ಬಾಯಿಗೆ ಹೋಗುತ್ತಿತ್ತು, ಹೆಂಡತಿಯನ್ನು ಮನೆ ಸಮೇತ ಓಡಿಸಿದವನು ಎಂದು. ಗಂಡಸರ ಕೈಗೆ ಫೋನ್ ಕೊಟ್ಟರೆ ಹೀಗೇ ಎಂದು ಕಲ್ಲವ್ವ ಬಾವಿಕಟ್ಟೆಯಲ್ಲಿ ನಗೆಯಾಡಿದಳಂತೆ. ಸಣ್ಣವರು ಅವನು ಹೋಗುವಾಗ ಬೆರಳು ಕುಣಿಸಿ ತೋರಿಸುತ್ತಿದ್ದರಂತೆ. ನನಗೆ ಕನಿಕರವಾಯಿತು. ಆದರೆ ಅಂದ ಮಾತು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆರನೆಯ ದಿನ ತಬಸ್ಸುಮ್ ನನ್ನನ್ನು ಚಾವಡಿಗೆ ಕರೆದಳು. ಪೆಟ್ಟಿಗೆಗೆ ಬಂದ ಕೇಳಿಕೆಗಳೆಲ್ಲ ಒಂದು ಕಡೆ ಬರೆದಿರುತ್ತವಂತೆ, ಯಾವ ಫೋನು, ಯಾವ ಹೊತ್ತು ಎಂದು. ಐದು ದಿನ ಅವಳು ಅದನ್ನು ನೋಡುವ ಧೈರ್ಯ ಮಾಡಿರಲಿಲ್ಲ. ಆ ಸಂತೆಯ ದಿನ ಸುಮಂಗಲಾಳ ಮನೆಯನ್ನು ಸಂಗನಬಸುವಿನ ಫೋನು ಕೇಳಿದ್ದು ಮೂರು ಸಲ. ನನ್ನ ಫೋನು ಕೇಳಿದ್ದು ಇನ್ನೂರ ಎಂಬತ್ತಾರು ಸಲ.

ನಾನು ಒಂದೇ ಸಲ ಒತ್ತಿದ್ದೆ ಎಂದೆ. ಹೌದು ಎಂದಳು. ಒತ್ತಿದ್ದು ನಾನು ಒಂದೇ ಸಲ, ಆದರೆ ಸಂಗನಬಸುವಿನ ಹಾಗೆ ನೋಡಿ ಮುಚ್ಚದೆ ಪುಟ ತೆರೆದೇ ಇಟ್ಟಿದ್ದರಿಂದ ಫೋನು ನಾಲ್ಕೈದು ಸೆಕೆಂಡಿಗೊಮ್ಮೆ ತಾನೇ ಕೇಳುತ್ತ ಹೋಗಿದೆ. ಖಣಿಯೊಳಗೆ ಅದಕ್ಕೆ ಉತ್ತರ ಸಿಗಲಿಲ್ಲ. ಸಿಗದಿದ್ದಕ್ಕೆ ಮತ್ತೆ ಕೇಳಿತು, ಮತ್ತೆ ಸಿಗಲಿಲ್ಲ, ಮತ್ತೆ ಕೇಳಿತು. ಹೋಗಲಾರದ ಕೇಳಿಕೆಗಳೆಲ್ಲ ಚೀಲದೊಳಗೆ ಸಾಲುಗಟ್ಟಿ ನಿಂತವು. ಬಯಲಿಗೆ ಬಂದ ಕೂಡಲೇ ಅಷ್ಟೂ ಒಂದೇ ಉಸಿರಿಗೆ ಚಾವಡಿಯ ಗೋಡೆಗೆ ಹೋಗಿ ಬಡಿದವು. ನಾನು ಸಂದೇಶ ಎಂದುಕೊಂಡ ಗುಯ್‌ಗುಟ್ಟುವಿಕೆ ಅದೇ. ಪೆಟ್ಟಿಗೆಗೆ ಉಸಿರು ಕಟ್ಟಿತು, ಹೊಸ ಜಾಗ ಹೇಳಲಿಲ್ಲ. ಹೇಳದಿದ್ದಾಗ ಫೋನು ತನ್ನ ಹತ್ತಿರ ಇದ್ದ ಹಳೆಯ ಜಾಗವನ್ನೇ ಈಗಿನದು ಎಂಬಂತೆ ತೋರಿಸುತ್ತ ಕೂತಿತು.

"ಇದರಾಗ ನಿಮ್ಮ ತಪ್ಪಿಲ್ಲಕ್ಕಾ," ಎಂದಳು ತಬಸ್ಸುಮ್. "ಉತ್ತರ ಬರೂತನಾ ಕೇಳಕೋತ ಇರು ಅಂತ ನಾನ ಬರದಿದ್ದೆ. ಸಾಕು ಅನ್ನೂದನ್ನ ಬರೀಲಿಲ್ಲ. ಮಂದಿಗೆ ನಾ ಹೇಳ್ತೀನಿ, ಪೆಟಗಿ ಕೆಟ್ಟಿತ್ತು ಅಂತ. ನಿಮ್ಮ ಹೆಸರ ಬ್ಯಾಡ. ನಿಮ್ಮನ್ನ ನಾಳೆ ಯಾರ್ ಕರೀತಾರ?"

ನನಗೂ ಅದೇ ಯೋಚನೆ ಬಂದಿತ್ತು, ಸುಳ್ಳೇಕೆ ಹೇಳಲಿ. ಸೂಲಗಿತ್ತಿಯ ಬಾಳು ನಂಬಿಕೆಯ ಮೇಲೆ ನಿಂತಿರುತ್ತದೆ. ಅವಳು ಬರುವ ದಾರಿಯಲ್ಲೇ ಮನೆಯನ್ನು ಓಡಿಸಿದಳು ಎಂಬ ಮಾತು ಹುಟ್ಟಿದರೆ ಯಾವ ಬಸುರಿ ನನ್ನನ್ನು ಹೊಸ್ತಿಲು ದಾಟಿಸಿಯಾಳು? ಚಾವಡಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ. ಪೆಟ್ಟಿಗೆ ಕೆಟ್ಟಿತ್ತು ಎಂದರೆ ಊರು ನಂಬುತ್ತದೆ. ಆದರೆ ಸಂಗನಬಸು ನಂಬುವುದಿಲ್ಲ. ಪೆಟ್ಟಿಗೆ ಕೆಟ್ಟದ್ದೂ ತನ್ನ ಮೂರು ಸಲದಿಂದಲೇ ಎಂದುಕೊಳ್ಳುತ್ತಾನೆ. ಅವನ ಮೇಲೆ ಬಿದ್ದ ಮಾತು ಪೆಟ್ಟಿಗೆಯದಲ್ಲ, ನನ್ನ ಬಾಯಿಯದು. ಎಂದೋ ಮನಸ್ಸಿನಲ್ಲಿ ಕೂತ ಅನುಮಾನದ ಹಳಸಿದ ಮಾತನ್ನು ಹೊತ್ತು ಹೇಳದೆ ಆಡಿದವಳು ನಾನು. ಆ್ಯಪು ಮಾಡಿದ್ದೂ ಅದನ್ನೇ.

ಮರುದಿನ ಮಧ್ಯಾಹ್ನ ಕುಂಬಾರ ಓಣಿಗೆ ಹೋದೆ. ಸುಮಂಗಲಾಳ ಮನೆ ಎರಡು ದಿನದ ಹಿಂದೆ ತಾನಾಗಿಯೇ ವಾಪಸು ಬಂದು ಬಾವಿಯ ಬಲಕ್ಕೆ ನಿಂತಿತ್ತು. ಸಂಗನಬಸುವನ್ನು ಹೊರಗೆ ಕರೆದೆ. ಕಲ್ಲವ್ವನನ್ನೂ ಕರೆದೆ. ಅವತ್ತು ಇದ್ದವರೆಲ್ಲ ಬರುವ ತನಕ ಬಿಸಿಲಿನಲ್ಲೇ ನಿಂತೆ.

"ಅವತ್ತ ಇಲ್ಲೇ ನಿಂತು ಈ ಹುಡುಗನ್ನ ಒಂದ ಮಾತ ಅಂದಿದ್ದೆ. ಅದು ತಪ್ಪು," ಎಂದೆ. "ಇಂವ ಕೇಳಿದ್ದು ಮೂರ ಸಲ. ನನ್ನ ಫೋನ್ ಕೇಳಿದ್ದು ಇನ್ನೂರಾ ಎಂಬತ್ತಾರ ಸಲ. ಮನಿ ಓಡಿಸಿದ್ದು ನಾನು."

ಕಲ್ಲವ್ವ, ಫೋನ್ ತಾನೇ ಕೇಳಿದರೆ ನೀ ಏನು ಮಾಡುತ್ತಿ ಬಿಡು ಎಂದು ನನ್ನನ್ನು ಸಮಾಧಾನ ಮಾಡಲು ನೋಡಿದಳು. ಚೀಲ ನನ್ನದು, ತೆರೆದಿಟ್ಟವಳೂ ನಾನೇ ಎಂದೆ. ಸಂಗನಬಸು ನನ್ನ ಮುಖ ನೋಡದೆ ಕೇಳಿದ: "ಹಂಗಾರ ನನ್ನ ಮೂರು?"

"ನಿನ್ನ ಮೂರು ಮೂರ ಗೇಣು. ಅಷ್ಟಕ್ಕ ಬಾಗಲಾ ಸುದ್ದಾ ತಿರುಗಂಗಿಲ್ಲ ತಮ್ಮಾ."

ಅವನು ತಲೆಯಾಡಿಸಿದ. ಬಾಗಿಲಲ್ಲಿ ಸುಮಂಗಲಾ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ನನಗೆ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಗಂಡನ ಹತ್ತಿರ ಹೋಗಿ, "ತಗೋರಿ, ನನಗ ಕೈ ಸೋತಾವು," ಎಂದು ಕೂಸನ್ನು ಅವನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ. ಅವಳು ನನ್ನ ಕಡೆ ನೋಡದೆ ಒಳಗೆ ಹೋದಳು. ನಾನು ಮನೆಗೆ ನಡೆದೆ.

ತಬಸ್ಸುಮ್ ಆ್ಯಪನ್ನು ಬಿಚ್ಚಿ ಮತ್ತೆ ಕಟ್ಟಿದಳು. ಈಗ ಪ್ರತಿ ಚುಕ್ಕೆಯ ಕೆಳಗೆ ಅದು ಯಾವಾಗಿನ ಮಾತು ಎಂದು ಬರೆದಿರುತ್ತದೆ. ಹಳೆಯದಾದಷ್ಟೂ ಚುಕ್ಕೆ ಮಸುಕಾಗುತ್ತದೆ. ಉತ್ತರ ಬಾರದಿದ್ದರೆ ಫೋನು ಸ್ವಲ್ಪ ತಡೆದು ಕೇಳುತ್ತದೆ, ಇನ್ನೂ ಬಾರದಿದ್ದರೆ ಅದಕ್ಕೆ ಎರಡರಷ್ಟು ತಡೆಯುತ್ತದೆ, ಮೂರು ಸಲ ಆದ ಮೇಲೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿ ಸುಮ್ಮನಾಗುತ್ತದೆ. ಚೀಲದೊಳಗೆ ಇದ್ದಾಗ ಕೇಳುವುದಿಲ್ಲ. ಒಂದು ಓಣಿಯಲ್ಲಿ ಹತ್ತು ಮಂದಿ ಒಂದೇ ಮನೆಯನ್ನು ಹುಡುಕಿದರೆ ಪೆಟ್ಟಿಗೆ ಗೋಡೆಯನ್ನು ಒಂದೇ ಸಲ ಕೇಳಿ ಹತ್ತೂ ಮಂದಿಗೆ ಹಂಚುತ್ತದೆ. ಮನೆ ಜರುಗಿದ್ದು ಕಂಡರೆ ಒಳಗಿದ್ದವರೇ ಒಂದು ಗುಂಡಿ ಒತ್ತಿ ತಿಳಿಸಬಹುದು, ಹೊರಗಿನವರು ಕೇಳುವ ಮೊದಲೇ. ಇದರಲ್ಲಿ ನಮ್ಮ ಹಿರಿಯರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಚನ್ನಮಲ್ಲಪ್ಪಜ್ಜ ಗೊಗ್ಗರು ದನಿಯಲ್ಲಿ ಗೊಣಗಿದ.

ಇದೆಲ್ಲ ನಡೆಯುವುದಕ್ಕೆ ಹಿಂದಿನ ವರ್ಷ ಮೂವತ್ತನಾಲ್ಕು ಮನೆಯವರು ನನ್ನನ್ನು ಹೆರಿಗೆಗೆ ಕರೆದಿದ್ದರು. ಇದು ನಡೆದ ವರ್ಷ ಆರು ಮನೆಯವರು ಕರೆದರು. ಸಂಗನಬಸು ಎಂಟನೆಯ ದಿನ ಅಂಗಡಿ ತೆರೆದ. ಸುಮಂಗಲಾಳ ಮಗಳು ಬದುಕಿದಳು. ಮಗ ಬದುಕಲಿಲ್ಲ.